ಎಂಟು ಉಸಿರಿನ ತಡ

'ಗಟ್ಟಿಯಾಗಿ ಕೂಗೋಕೆ ನನ್ನಿಂದ ಆಗುತ್ತಾ?'

ಆ ವಾರವೆಲ್ಲ ಅವಳ ಡೈರಿಯಲ್ಲಿ ಇದೊಂದೇ ಚಿಂತೆ. ಸ್ಕೂಬಾ ಡೈವಿಂಗ್‌ನ ರಕ್ಷಣಾ ತರಬೇತಿಯಲ್ಲಿ, ನೀರಲ್ಲಿ ಗಾಬರಿಯಾದವರಿಗೆ ಧೈರ್ಯ ಹೇಳಬೇಕಂತೆ. ಅದೂ ಈಜುಕೊಳಕ್ಕೆಲ್ಲ ಕೇಳುವಂತೆ! ಮನೆಯ ಊಟದಲ್ಲಿ ಉಪ್ಪು ಕಡಿಮೆಯಿದ್ದರೂ ಕೇಳದೆ ತಿಂದು ಏಳುವವಳು ಅವಳು.

ಅದು ಸಾಲದೆಂಬಂತೆ, ಜೋಡಿಯಾಗಿ ಸಿಕ್ಕವನು ಒಬ್ಬ ಹಲ್ಲಿನ ಡಾಕ್ಟರು.

"ಬಾಯಿ ತೆಗೆಸೋದೇ ನನ್ನ ಕಸುಬು. ಆದ್ರೆ ಇವರ ಬಾಯಿ... ಇಂಜೆಕ್ಷನ್ ಕೊಟ್ರೂ ತೆಗೆಯಲ್ವೇನೋ!"

ಮೊದಲ ದಿನವೇ, ಹತ್ತು ಜನರ ಎದುರು! ಎಲ್ಲರೂ ನಕ್ಕರು. ಅವಳ ಕಿವಿ ಬಿಸಿಯಾಯಿತು.

ಅಂದೇ ಡೈರಿಯಲ್ಲಿ ಅವನಿಗೊಂದು ಹೆಸರು ಬಿತ್ತು. ಬಡಾಯಿ.

ಬಡಾಯಿ ಏನು ಮಾಡಿದರೂ ಅವಳಿಗೆ ಮೈಯೆಲ್ಲ ಉರಿ. ಮಂಜು ಕಟ್ಟದಿರಲೆಂದು ಮಾಸ್ಕಿನ ಗಾಜಿಗೆ ಉಗುಳು ಸವರುವಾಗಲೂ ಭಾಷಣ! ಮುಳುಗುವವನ ಪಾತ್ರ ಕೊಟ್ಟರಂತೂ ಮುಗಿದೇ ಹೋಯಿತು. "ಅಮ್ಮಾ, ಕ್ಲಿನಿಕ್ಕು ತಂಗಿಗೆ ಕೊಟ್ಬಿಡೇ!" ಎಂದು ಕೈಕಾಲು ಬಡಿದು ಅರಚುತ್ತಿದ್ದ.

ಛೀ... ಇಂಥವನ ಹತ್ತಿರವೂ ಹಲ್ಲು ಕೀಳಿಸಿಕೊಳ್ಳೋ ಜನ ಇದ್ದಾರಾ?

ಆದರೂ ಅವನು ತಡವಾಗಿ ಬಂದ ದಿನ ಅವಳ ಕಣ್ಣು ಬಾಗಿಲಲ್ಲೇ ಇತ್ತು. ಅದನ್ನು ಅವಳು ಡೈರಿಗೂ ಹೇಳಲಿಲ್ಲ.

"ಗಾಬರಿ ಕಂಡ ತಕ್ಷಣ ಹಾರಬೇಡಿ," ತರಬೇತಿ ಕೊಡುವ ಮೇಡಂ ದಿನವೂ ಗದರುತ್ತಿದ್ದರು. "ನಿಲ್ಲಿ, ಉಸಿರಾಡಿ, ಯೋಚಿಸಿ, ಆಮೇಲೆ ಕೈ ಹಾಕಿ. ಇಲ್ಲಾಂದ್ರೆ ಇಬ್ಬರೂ ತಳ ಸೇರ್ತೀರಿ!"

ಕೊನೆಯ ಅಭ್ಯಾಸದ ದಿನ. ಕೊಳದ ಆಳದ ಕಡೆ ಬಡಾಯಿ ಎಂದಿನಂತೆ ನಾಟಕ ಶುರು ಮಾಡಿದ. ನಗುತ್ತಿದ್ದವನ ಬಾಯಿಗೆ ಥಟ್ಟನೆ ನೀರು ನುಗ್ಗಿತು. ಮಾಸ್ಕ್ ಕಿತ್ತೆಸೆದ. ಮುಳುಗಿದ, ಎದ್ದ, ಮತ್ತೆ ಮುಳುಗಿದ.

'ಓಹೋ, ಹೊಸ ವರಸೆ! ಕುಣಿಯಪ್ಪಾ, ಚೆನ್ನಾಗಿ ಕುಣಿ...'

ಅವಳು ತನ್ನ ಉಸಿರು ಎಣಿಸುತ್ತ ತೇಲುತ್ತಿದ್ದಳು. ಒಂದು... ಎರಡು... ಮೂರು...

ಎಂಟನೆಯದಕ್ಕೆ ಅವನ ಕಣ್ಣುಗಳು ಕಂಡವು. ಅವು ಏನನ್ನೂ ನೋಡುತ್ತಿರಲಿಲ್ಲ!

"ಹೆದರಬೇಡಿ! ನಾನಿದೀನಿ!"

ಕೂಗಿದ್ದು ತಾನೇ ಎಂದು ತಿಳಿಯುವಷ್ಟರಲ್ಲಿ ಅವಳು ಅವನನ್ನು ಹಿಂದಿನಿಂದ ಹಿಡಿದು, ಅವನನ್ನು ತೇಲಿಸುವ ಜಾಕೆಟ್ಟಿಗೆ ಗಾಳಿ ತುಂಬಿಸಿದ್ದಳು.

ದಡದಲ್ಲಿ ಚಪ್ಪಾಳೆಯೋ ಚಪ್ಪಾಳೆ! "ನೋಡಿದ್ರಾ? ನಿಂತು, ಯೋಚಿಸಿ ಕೈ ಹಾಕಿದ್ಲು. ಕಲಿಯೋದಂದ್ರೆ ಹೀಗೆ!" ಮೇಡಂ ಹೆಮ್ಮೆಯಿಂದ ಬೀಗಿದರು.

'ನಾನು ಯೋಚಿಸಿದ್ನಾ? ನಿಂತು ತಮಾಷೆ ನೋಡಿದೆ... ಥೂ, ನಿನ್ನ ಜನ್ಮಕ್ಕೆ!'

ಸಲಕರಣೆ ತೊಳೆಯುವ ಕೋಣೆಯಲ್ಲಿ ಅವನು ಬೆಂಚಿನ ಮೇಲೆ ಕುಗ್ಗಿ ಕೂತಿದ್ದ. ಮೊದಲ ಬಾರಿಗೆ ಅವನ ದನಿ ಮೆತ್ತಗಿತ್ತು.

"ನೀರಂದ್ರೆ ನಂಗೆ ಪ್ರಾಣಭಯ. ಅದನ್ನ ಮುಚ್ಚೋಕೇ ಅಷ್ಟು ಬಾಯಿ ಮಾಡ್ತಿದ್ದೆ. ಆದ್ರೆ ನೀವು... ಅಂಥಾ ಸಮಾಧಾನ ನಾನು ಯಾರಲ್ಲೂ ನೋಡಿಲ್ಲ. ಹೇಳ್ಬಿಡ್ಲಾ? ನೀವಂದ್ರೆ ನಂಗೆ ತುಂಬಾ ಇಷ್ಟ."

ಅವಳು ಒಮ್ಮೆ ತಲೆಯಾಡಿಸಿದ್ದರೆ ಸಾಕಿತ್ತು. ಸುಳ್ಳಿನ ಮೇಲೇ ಸುಖವಾಗಿ ಇದ್ದುಬಿಡಬಹುದಿತ್ತು.

"ನಾನು ಯೋಚಿಸ್ತಿರ್ಲಿಲ್ಲ," ಎಂದಳು. "ನಾಟಕ ಅಂದ್ಕೊಂಡು, ಒದ್ದಾಡ್ಲಿ ಅಂತ ಬಿಟ್ಟೆ. ಎಂಟು ಉಸಿರು..."

ನಲ್ಲಿಯಿಂದ ನೀರು ಸುರಿಯುತ್ತಲೇ ಇತ್ತು.

"ನನ್ ಮೇಲೆ ಅಷ್ಟೊಂದು ಕೋಪಾನಾ?"

"ಕೋಪ ಅಲ್ಲ. ತಾತ್ಸಾರ."

ಅವನ ಮುಖ ಬಿಳಿಚಿತು. ಆಮೇಲೆ ಬೆಂಚಿನ ಮೇಲಿನ ಒದ್ದೆ ಟವಲ್ ಸರಿಸಿ, ಪಕ್ಕದಲ್ಲಿ ಜಾಗ ಮಾಡಿದ.

"ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಯಾಕೆ ಹೇಳಿದ್ರಿ?"

ಅವಳು ಕೂತಳು.

"ನೀವು ಮೆಚ್ಚಿದ ಆ ಸಮಾಧಾನದ ಹುಡುಗಿ ಇಲ್ವೇ ಇಲ್ಲ. ಇಲ್ಲದವಳನ್ನ ನೀವು ಇಷ್ಟಪಡೋದು ನಂಗೆ ಸಹಿಸೋಕಾಗ್ಲಿಲ್ಲ... ನನ್ನನ್ನ ಇಷ್ಟಪಡಿ."