ನಂಬಿಕೆಗೆ ಅರ್ಹರಲ್ಲ

"ಒಳಗೆ ಬರಬಹುದಾ?"

ತಲೆ ಬಗ್ಗಿಸಿ ಅರ್ಜಿಗಳನ್ನು ತಿರುವುತ್ತಿದ್ದ ಮವ್ಜುದಾಳ ಕೈ ಅಲ್ಲೇ ನಿಂತಿತು. ಈ ದನಿ... ಇಲ್ಲ, ಇರಲಾರದು!

ತಲೆ ಎತ್ತಿದಳು. ಬಾಗಿಲಲ್ಲಿ ಹಿಕ್ಮತ್ ನಿಂತಿದ್ದ.

ದುಡಿಯಲು ರಷ್ಯಾಕ್ಕೆ ಹೋಗಿ, ಐದು ವರ್ಷದಿಂದ ಇದ್ದಾನೋ ಇಲ್ಲವೋ ಎಂಬ ಸುದ್ದಿಯೂ ಇಲ್ಲದವನು! ಕಿವಿಯ ಪಕ್ಕ ಕೂದಲು ನರೆತಿತ್ತು. ಮೈಮೇಲೆ ಯಾರದೋ ಕೋಟು, ತೋಳು ಗಿಡ್ಡ. ಅವಳನ್ನು ಕಂಡದ್ದೇ ಅವನ ಮುಖದ ಬಣ್ಣ ಇಳಿದುಹೋಯಿತು. ಒಂದು ಕ್ಷಣ ತಿರುಗಿ ಹೊರಟೇಬಿಡುತ್ತಾನೇನೋ ಅನ್ನಿಸಿತು. ಆದರೆ ಅವನು ಎರಡು ಹೆಜ್ಜೆ ಮುಂದೆ ಬಂದು, ಕುರ್ಚಿಯ ಬೆನ್ನು ಹಿಡಿದು ಮೆಲ್ಲಗೆ ಕೇಳಿದ.

"ಕೂತ್ಕೊಳ್ಳಲಾ, ಓಪಾ?"

ಓಪಾ! ಅಕ್ಕ! ತನಗಿಂತ ಮೂರು ವರ್ಷ ದೊಡ್ಡವನು, ಎರಡು ಮನೆಯವರೂ ಸೇರಿ ನಾನ್ ರೊಟ್ಟಿ ಮುರಿದು ತನಗೆ ನಿಶ್ಚಯ ಮಾಡಿದ್ದ ಗಂಡು, ಇವತ್ತು ತನ್ನನ್ನು ಅಕ್ಕ ಎನ್ನುತ್ತಿದ್ದಾನೆ...

"ಕೂತ್ಕೊಳ್ಳಿ," ಎಂದಳು. ದನಿ ನಡುಗಲಿಲ್ಲ. ಅದಕ್ಕಾಗಿ ತನ್ನನ್ನು ತಾನೇ ಮೆಚ್ಚಿಕೊಂಡಳು.

ನಮಂಗಾನ್‌ನ ಹಳೇ ರೇಷ್ಮೆ ಗಿರಣಿ ಅದು. ಮುಚ್ಚಿ ಹತ್ತು ವರ್ಷ ಪಾರಿವಾಳಗಳ ಪಾಲಾಗಿತ್ತು. ಈಗ ಅದೇ ಗೋಡೆಗಳಿಗೆ ಗಾಜು ಕೂರಿಸಿ ತಂತ್ರಜ್ಞಾನ ಕೇಂದ್ರ ಮಾಡಿದ್ದರು. ಮೊದಲು ಕೊರಿಯಾದವರು ಬಂದರು, ಹಿಂದೆಯೇ ಜರ್ಮನಿಯವರು ಬಂದರು. ರಷ್ಯಾದಲ್ಲಿ ಹಿಮ ಗುಡಿಸುತ್ತಿದ್ದ, ಇಟ್ಟಿಗೆ ಹೊರುತ್ತಿದ್ದ ಊರ ಗಂಡಸರು ಬಸ್ಸು ಬಸ್ಸು ತುಂಬಿ ವಾಪಸು ಬರತೊಡಗಿದರು. ಅವರಲ್ಲಿ ಯಾರಿಗೆ ಕೆಲಸ, ಯಾರಿಗಿಲ್ಲ ಎಂದು ಹೇಳುವ ಕುರ್ಚಿಯಲ್ಲಿ ಮೂವತ್ತೆರಡರ ಮವ್ಜುದಾ ಕೂತಿದ್ದಳು.

ಪಕ್ಕದಲ್ಲಿದ್ದ ವಿದ್ಯುತ್ ವಿಭಾಗದ ಎಂಜಿನಿಯರ್ ಅರ್ಧ ಗಂಟೆ ಪ್ರಶ್ನೆ ಕೇಳಿದ. ಹಿಕ್ಮತ್ ಒಂದಕ್ಕೂ ತಡವರಿಸಲಿಲ್ಲ. ಯೆಕಟೆರಿನ್‌ಬರ್ಗ್‌ನ ಶೀತಲ ಗೋದಾಮಿನಲ್ಲಿ ನಾಲ್ಕು ವರ್ಷ ಜನರೇಟರ್ ನೋಡಿಕೊಂಡಿದ್ದನಂತೆ. ಎಂಜಿನಿಯರ್ ಖುಷಿಯಾಗಿ ತಲೆಯಾಡಿಸಿದ.

"ನನ್ನದೊಂದು ಪ್ರಶ್ನೆ," ಎಂದಳು ಮವ್ಜುದಾ. "ನಂಬಿದವರನ್ನ ನಡುನೀರಲ್ಲಿ ಬಿಟ್ಟು, ಹೇಳದೆ ಕೇಳದೆ ಮಾಯವಾಗಲ್ಲ ಅನ್ನೋದಕ್ಕೆ ಏನು ಖಾತ್ರಿ?"

ಎಂಜಿನಿಯರ್ ಅಚ್ಚರಿಯಿಂದ ಅವಳತ್ತ ನೋಡಿದ.

ಹಿಕ್ಮತ್ ತನ್ನ ಒರಟು ಕೈಗಳನ್ನೇ ನೋಡುತ್ತ ಕೂತಿದ್ದ. "ಖಾತ್ರಿ ಏನೂ ಇಲ್ಲ, ಓಪಾ," ಎಂದ ಕೊನೆಗೆ.

ಒಂದು ಮಾತು... ಒಂದೇ ಒಂದು ನೆಪವನ್ನಾದರೂ ಹೇಳಬಾರದಿತ್ತೇ? ಅವಳ ಎದೆಯಲ್ಲಿ ಐದು ವರ್ಷದಿಂದ ಆರದೆ ಉಳಿದಿದ್ದ ಕೆಂಡ ಭುಗಿಲೆಂದಿತು. ಅವನು ಹೊರಗೆ ಹೋದದ್ದೇ ಅರ್ಜಿಯ ಮೇಲೆ ದಪ್ಪಕ್ಷರದಲ್ಲಿ ಬರೆದಳು: ನಂಬಿಕೆಗೆ ಅರ್ಹರಲ್ಲ.

* * *

ಮಧ್ಯಾಹ್ನ ಊಟದ ಹೊತ್ತಿಗೆ ಕಚೇರಿಯ ಕಿರಿಯ ಹುಡುಗಿ ದಿಲ್ದೋರಾ ಸಮೋಸದಂಥ ಬಿಸಿ ಸೋಮ್ಸಾಗಳ ಪೊಟ್ಟಣ ಹಿಡಿದು ಎದುರು ಕೂತಳು.

"ಓಪಾ, ಆ ಜನರೇಟರ್ ಅಕಾ ನಿಮಗೆ ಮೊದಲೇ ಪರಿಚಯಾನಾ?" ತನಗಿಂತ ದೊಡ್ಡ ಗಂಡಸರೆಲ್ಲ ಅವಳಿಗೆ ಅಕಾ, ಅಣ್ಣ.

"ಯಾಕೆ?"

"ಗೇಟಿನ ಹತ್ರ ಪಾಸ್ ವಾಪಸ್ ಕೊಡೋವಾಗ ಕೇಳಿದ್ರು. 'ನಿಮ್ಮ ಓಪಾನ ಯಜಮಾನರು, ಮಕ್ಕಳು ಎಲ್ಲ ಚೆನ್ನಾಗಿದ್ದಾರಾ' ಅಂತ."

"ಯಾರ ಯಜಮಾನರು?"

"ನಿಮ್ಮ ಯಜಮಾನರು! ನನಗೆ ನಗು ತಡೆಯೋಕೇ ಆಗಲಿಲ್ಲ. ನಮ್ಮ ಓಪಾಗೆ ಮದುವೆನೇ ಆಗಿಲ್ವಲ್ಲ ಅಂದೆ. ಅಯ್ಯೋ, ಅವರ ಮುಖ ನೋಡಬೇಕಿತ್ತು! ಗೋಡೆ ಹಿಡ್ಕೊಂಡು ನಿಂತುಬಿಟ್ರು. ನೀರು ತರಲಾ ಅಂದೆ, ಅಷ್ಟರಲ್ಲಿ ಹೊರಟೇಹೋದ್ರು."

ಮವ್ಜುದಾ ಸೋಮ್ಸಾ ಕೆಳಗಿಟ್ಟಳು.

ತನಗೆ ಮದುವೆಯಾಗಿದೆ ಎಂದು ಅವನಿಗೆ ಯಾರು ಹೇಳಿದರು? ಹೆತ್ತವರಿಲ್ಲದ ಹುಡುಗ ಅವನು. ನಿಶ್ಚಯದ ದಿನ ಬಂದಿದ್ದ ಚಿಕ್ಕಪ್ಪನೂ ಆಮೇಲೆ ಅವನನ್ನು ಕೇಳಿದವನಲ್ಲ. ಈ ಊರಲ್ಲಿ ಅವನಿಗೆ ಗೊತ್ತಿದ್ದದ್ದು ಒಂದೇ ಮನೆ...

ಅವಳು ಎದ್ದು ನಿಂತಳು. ನೇರ ಮನೆಗೆ ಹೊರಟಳು.

* * *

ತಾಯಿ ತುರ್ಸುನೋಯ್ ಅಂಗಳದ ಮಂಚದ ಮೇಲೆ ಕೂತು ಸೇಬು ಹೆಚ್ಚಿ ಒಣಹಾಕುತ್ತಿದ್ದಳು.

"ಇಷ್ಟು ಬೇಗ ಬಂದ್ಯಾ ಮಗಳೇ? ಹುಷಾರಿಲ್ವಾ?"

"ಅಮ್ಮಾ, ಹಿಕ್ಮತ್ ಫೋನ್ ಮಾಡಿದ್ದನಾ?"

ತಾಯಿಯ ಕೈಯಲ್ಲಿದ್ದ ಚಾಕು ನಿಲ್ಲಲಿಲ್ಲ. ಒಂದು ಹೋಳು, ಎರಡು ಹೋಳು... ಮೂರನೆಯದಕ್ಕೆ ಮಾತ್ರ ನಿಧಾನವಾಯಿತು.

"ಬಂದಿದ್ದಾನಾ?"

"ನಾನು ಕೇಳಿದ್ದಕ್ಕೆ ಉತ್ತರ ಹೇಳು!"

"ಮಾಡಿದ್ದ," ಎಂದಳು ತುರ್ಸುನೋಯ್. "ನೀನು ತಾಷ್ಕೆಂಟಲ್ಲಿ ತರಬೇತಿಗೆ ಹೋಗಿದ್ದೆ ನೋಡು, ಆ ಚಳಿಗಾಲದಲ್ಲಿ. ಕಾಗದಪತ್ರ ಸರಿ ಇಲ್ಲ ಅಂತ ಎರಡು ತಿಂಗಳು ಒಳಗೆ ಹಾಕಿದ್ರಂತೆ. ಮೊಬೈಲೂ ಹೋಯ್ತಂತೆ. ಮನೆ ನಂಬರ್ ಒಂದೇ ನೆನಪಿತ್ತಂತೆ. ನಿನ್ನ ಹತ್ರ ಮಾತಾಡಬೇಕು ಅಂತ ಅಳ್ತಿದ್ದ."

"ನೀನು?"

"ಅವಳಿಗೆ ಮದುವೆಯಾಯ್ತು, ಇನ್ನು ಫೋನ್ ಮಾಡಬೇಡ ಅಂದೆ."

ಅಂಗಳದಲ್ಲಿ ಕಣಜವೊಂದು ಸೇಬಿನ ಸುತ್ತ ಗುಂಯ್‌ಗುಡುತ್ತಿತ್ತು. ಮವ್ಜುದಾಳಿಗೆ ಬೇರೇನೂ ಕೇಳಿಸಲಿಲ್ಲ.

"ಹಾಗೆ ನೋಡಬೇಡ!" ತಾಯಿ ಚಾಕು ಎಸೆದು ತನ್ನೆರಡು ಕೈಗಳನ್ನೂ ಚಾಚಿದಳು. ಬೆರಳತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು, ಉಗುರುಗಳು ಅರ್ಧ ಸತ್ತಿದ್ದವು. "ಇಪ್ಪತ್ತಾರು ವರ್ಷ ಕುದಿಯೋ ನೀರಲ್ಲಿ ರೇಷ್ಮೆಗೂಡು ಬಿಚ್ಚಿದ ಕೈ ಇದು. ನಾನು ಆವಿಯಲ್ಲಿ ಬೇಯ್ತಾ ನಿಂತಿದ್ದ ಜಾಗದಲ್ಲೇ ಇವತ್ತು ನೀನು ಕುರ್ಚಿ ಹಾಕ್ಕೊಂಡು ಕೂತಿದ್ದೀಯ. ಆವತ್ತು ಅವನ ಜೊತೆ ಮಾತಾಡಿದ್ರೆ ಏನು ಮಾಡ್ತಿದ್ದೆ? ತರಬೇತಿ ಬಿಟ್ಟು ಓಡ್ತಿದ್ದೆ! ಅವನ ಹಿಂದೆ ಹೋಗಿ ಯಾವುದೋ ನೆಲಮಾಳಿಗೇಲಿ, ಹತ್ತು ಜನರ ಮಧ್ಯೆ ಸಂಸಾರ ಮಾಡ್ತಿದ್ದೆ! ಇಲ್ಲ ಅನ್ನು ನೋಡೋಣ!"

ಮವ್ಜುದಾ ಇಲ್ಲ ಅನ್ನಲಿಲ್ಲ. ಹೋಗುತ್ತಿದ್ದಳು. ಖಂಡಿತ ಹೋಗುತ್ತಿದ್ದಳು. ಈ ಕೆಲಸ, ಈ ಗೌರವ ಎಲ್ಲವೂ ಒಂದು ಸುಳ್ಳಿನ ಮೇಲೆ ನಿಂತಿದ್ದವು!

"ಒಂದು ವರ್ಷ ಅಳ್ತೀಯ, ಆಮೇಲೆ ಯಾರನ್ನಾದರೂ ಒಪ್ಕೋತೀಯ ಅಂದ್ಕೊಂಡಿದ್ದೆ," ತಾಯಿಯ ದನಿ ಒಡೆಯಿತು. "ಬಂದ ಸಂಬಂಧವನ್ನೆಲ್ಲ ಒದ್ದು ಓಡಿಸಿದೆ. ನೀನು ಇಷ್ಟು ಹಟಮಾರಿ ಅಂತ ನನಗೇನು ಗೊತ್ತಿತ್ತು?"

"ಹೆತ್ತವಳಿಗೇ ಗೊತ್ತಿರಲಿಲ್ವಾ ಅಮ್ಮಾ?"

ಅಷ್ಟೇ ಹೇಳಿ ಅವಳು ಬಾಗಿಲು ದಾಟಿದಳು.

ಕಚೇರಿಗೆ ಮರಳಿ ನೇರ ನಿರ್ದೇಶಕರ ಕೋಣೆಗೆ ಹೋದಳು. ಅರ್ಜಿದಾರ ತನಗೆ ಪರಿಚಿತನೆಂದೂ, ತಾನು ಆ ಕುರ್ಚಿಯಲ್ಲಿ ಕೂರಲೇಬಾರದಿತ್ತೆಂದೂ, ಬರೆದ ಮಾತು ಸಿಟ್ಟಿನದೆಂದೂ ಒಪ್ಪಿಕೊಂಡಳು. ನಿರ್ದೇಶಕರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಆ ಕೆಲಸಕ್ಕೆ ತಾಷ್ಕೆಂಟಿನಿಂದ ಬಂದಿದ್ದ ಇನ್ನೊಬ್ಬ ಹುಡುಗನಿಗೆ ಆದೇಶ ಹೋಗಿಬಿಟ್ಟಿದೆಯಮ್ಮ. ಇನ್ನು ಆರು ತಿಂಗಳು ನೀನು ಸಂದರ್ಶನಕ್ಕೆ ಕೂರಬೇಡ." ಸ್ವಲ್ಪ ತಡೆದು ಕೇಳಿದರು. "ಅವನು ನಿಜವಾಗಿ ಕೆಲಸ ಬಲ್ಲವನಾ?"

"ಬಂದವರಲ್ಲೆಲ್ಲ ಅವನೇ ಬಲ್ಲವನು," ಎಂದಳು ಮವ್ಜುದಾ. ಆಗ ಮೊದಲ ಸಲ ಅವಳಿಗೆ ಅಳು ಬಂತು.

* * *

ಅರ್ಜಿಯಲ್ಲಿದ್ದ ನಂಬರಿಗೆ ಕರೆ ಮಾಡಿದರೆ ಯಾರೋ ಗೆಳೆಯ ಎತ್ತಿಕೊಂಡ. ಹಿಕ್ಮತ್ ಬೆಳಿಗ್ಗೆ ಆರಕ್ಕೇ ಕೂಲಿಯವರು ನಿಲ್ಲುವ ಸರ್ಕಲ್‌ಗೆ ಹೋಗುತ್ತಾನಂತೆ.

ಮರುದಿನ ಅವಳ ಕಾರು ನಿಂತದ್ದೇ ತಡ, ಹದಿನೈದು ಇಪ್ಪತ್ತು ಗಂಡಸರು ಮುತ್ತಿಕೊಂಡರು.

"ಓಪಾ, ಗಾರೆ ಕೆಲಸಾನಾ? ಸೇಬು ಕೀಳೋದಾ? ಎಷ್ಟು ಜನ ಬೇಕು?"

"ಒಬ್ಬರು ಸಾಕು."

"ನನ್ನ ಕರ್ಕೊಂಡು ಹೋಗಿ! ಇಬ್ಬರ ಕೆಲಸ, ಒಬ್ಬನ ಊಟ!"

"ನಂಬಬೇಡಿ ಓಪಾ, ಇವನದು ಅರ್ಧ ಕೆಲಸ, ಮೂವರ ಊಟ!"

ನಗು ಎದ್ದಿತು. ಗುಂಪಿನ ಹಿಂದೆ, ಸಲಿಕೆಗೆ ಒರಗಿ ನಿಂತಿದ್ದವನು ಮಾತ್ರ ನಗಲಿಲ್ಲ.

"ಹಿಕ್ಮತ್ ಅಕಾ!"

ಗುಂಪು ಸರಿದು ದಾರಿ ಬಿಟ್ಟಿತು. ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಬಾಯಿಂದ ಬಂದದ್ದು ಒಂದೇ.

"ನನಗೆ ಮದುವೆಯಾಗಿಲ್ಲ!"

ಸರ್ಕಲ್ ಪೂರ್ತಿ ಗಪ್‌ಚುಪ್ ಆಯಿತು. ಯಾರೋ ಒಬ್ಬ ಕೆಮ್ಮಿದ. ಒಬ್ಬ ಮುದುಕ ಹಿಕ್ಮತ್‌ನ ಕೈಯಿಂದ ಸಲಿಕೆ ಇಸಿದುಕೊಂಡು, "ಹೋಗಪ್ಪಾ ಹೋಗು, ಇವತ್ತಿನ ಕೂಲಿ ನಿನಗೆ ಸಿಕ್ತು," ಎಂದ.

ಇಬ್ಬರೂ ಕಾಲುವೆಯ ದಂಡೆಗೆ ಬಂದು ಕೂತರು. ಅವಳು ಎಲ್ಲವನ್ನೂ ಹೇಳಿದಳು. ತಾಯಿಯ ಸುಳ್ಳು, ಅರ್ಜಿಯ ಮೇಲೆ ತಾನು ಬರೆದ ಮಾತು, ಹೋದ ಕೆಲಸ... ಅವನು ನೀರನ್ನೇ ನೋಡುತ್ತಿದ್ದ.

"ನೀನು ಬರೆದದ್ದು ತಪ್ಪಲ್ಲ, ಮವ್ಜುದಾ," ಎಂದ. "ನನಗೊಬ್ಬಳು ಮಗಳಿದ್ದಾಳೆ."

ಅವಳು ಅವನತ್ತ ತಿರುಗಿದಳು.

"ಲೈಲೋ ಅಂತ. ಮೂರು ತುಂಬ್ತು. ಅವಳ ತಾಯಿ ಗೋದಾಮಲ್ಲಿ ಕೆಲಸಕ್ಕಿದ್ದವಳು, ಒಳ್ಳೆಯವಳು. ನನಗೆ ಯಾರೂ ಇರಲಿಲ್ಲ... ಮದುವೆಯಾದೆ. ಎರಡು ವರ್ಷಕ್ಕೆ ಅವಳೇ 'ನೀನು ಮನೇಲಿದ್ರೂ ಮನೇಲಿರಲ್ಲ, ಹೋಗು' ಅಂದಳು. ತಪ್ಪು ಅವಳದಲ್ಲ."

ಇಲ್ಲಿ ತಾನು ಪ್ರತಿ ಹೊಸ ನಂಬರಿನ ಕರೆಗೂ ಬೆಚ್ಚಿ ಏಳುತ್ತಿದ್ದ ದಿನಗಳಲ್ಲಿ, ಅಲ್ಲಿ ಒಂದು ಮಗು ಹುಟ್ಟಿ, ನಡೆಯಲು ಕಲಿತು, ಅಪ್ಪ ಎನ್ನಲು ಕಲಿತಿತ್ತು!

"ಒಂದೇ ಒಂದು ಸಲ ನನ್ನನ್ನೇ ಕೇಳೋಕೆ ಆಗಲಿಲ್ವಾ ನಿನಗೆ? ಯಾರನ್ನಾದರೂ ಕಳಿಸೋಕೆ ಆಗಲಿಲ್ವಾ? ಅಮ್ಮ ಒಂದು ಮಾತು ಅಂದಳು, ನೀನು ನಂಬಿಬಿಟ್ಯಾ?"

"ನಿಜ ಹೇಳ್ಲಾ?" ಎಂದ. "ಕೇಳಿದಾಗ ಎದೆ ಒಡೀತು. ಆದರೆ... ಒಳಗೊಳಗೇ ಹಗುರಾನೂ ಆಯ್ತು. ಜೈಲಿಂದ ಬಂದವನು, ಕಾಲಲ್ಲಿ ನೆಟ್ಟಗೆ ಬೂಟಿಲ್ಲ. ಓದಿ ಮೇಲೆ ಹೋಗ್ತಿರೋ ನಿನಗೆ ಯಾವ ಮುಖ ತೋರಿಸಲಿ ಅಂತ ಹೆದರಿದ್ದೆ. ನಿನ್ನ ಅಮ್ಮ ನನಗೊಂದು ನೆಪ ಕೊಟ್ಟರು. ನಾನು ತಗೊಂಡೆ."

ಕಪಾಳಕ್ಕೆ ಹೊಡೆದಂತಾಯಿತು.

"ನನ್ನ ಬಾಳು!" ಎಂದಳು ಮವ್ಜುದಾ, ಎದ್ದು ನಿಂತು. "ನೀನೊಂದು ತೀರ್ಮಾನ ಮಾಡಿದೆ, ಅಮ್ಮ ಒಂದು ತೀರ್ಮಾನ ಮಾಡಿದಳು. ನನ್ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ಮಾಡಿದ್ರಿ!"

ಅವನು ತಡೆಯಲಿಲ್ಲ. ಅವಳು ತಿರುಗಿ ನೋಡದೆ ಹೊರಟುಹೋದಳು.

* * *

ಹನ್ನೊಂದು ದಿನ ಕಳೆದವು. ತಾಯಿ ಮಗಳು ಒಂದೇ ಮನೆಯಲ್ಲಿ ಮಾತಿಲ್ಲದೆ ಉಂಡರು, ಮಾತಿಲ್ಲದೆ ಮಲಗಿದರು. ಒಮ್ಮೆ ತುರ್ಸುನೋಯ್ ಚಹಾದ ಬಟ್ಟಲು ಚಾಚಿ, "ನಾನೇ ಹೋಗಿ ಅವನ ಕಾಲು ಹಿಡೀಲಾ?" ಎಂದಳು. ಮವ್ಜುದಾ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು.

ಕ್ಷಮಿಸಲು ಅವಳಿಗೆ ಆಗಲಿಲ್ಲ. ಆದರೆ ಒಂದು ಯೋಚನೆ ಮಾತ್ರ ಬಿಡದೆ ಕಾಡಿತು. ಅವನು ಬೇಕಿದ್ದರೆ ಮಗಳ ವಿಷಯ ಮುಚ್ಚಿಡಬಹುದಿತ್ತು. ತಪ್ಪನ್ನೆಲ್ಲ ಅಮ್ಮನ ತಲೆಗೆ ಕಟ್ಟಿ ತಾನು ಪಾಪದವನಾಗಬಹುದಿತ್ತು. ಮಾಡಲಿಲ್ಲ. ಐದು ವರ್ಷದಲ್ಲಿ ತನಗೆ ಪೂರ್ತಿ ನಿಜ ಹೇಳಿದವನು ಅವನೊಬ್ಬನೇ!

ಹನ್ನೆರಡನೆಯ ದಿನ ಅವನ ಕೆಲಸದ ಜಾಗ ಹುಡುಕಿಕೊಂಡು ಹೋದಳು. ಊರಾಚೆ ಹೊಸ ನೌಕರರಿಗಾಗಿ ಏಳುತ್ತಿದ್ದ ವಸತಿಗೃಹಕ್ಕೆ ಅವನು ತಂತಿ ಎಳೆಯುತ್ತಿದ್ದ. ಅವಳನ್ನು ಕಂಡು ಏಣಿಯಿಂದ ಇಳಿದುಬಂದ. ಸುಣ್ಣದ ಧೂಳು ರೆಪ್ಪೆಯ ಮೇಲೂ ಕೂತಿತ್ತು.

"ಕಳೆದುಹೋದ ವರ್ಷಗಳನ್ನ ನಾನು ಮರೆಯಲ್ಲ," ಎಂದಳು ಮವ್ಜುದಾ. "ಸಿಟ್ಟು ಬಂದಾಗಲೆಲ್ಲ ಎತ್ತಿ ಆಡ್ತೀನಿ."

"ಆಡು."

"ಅಮ್ಮನ್ನ ಬಿಟ್ಟು ಬರೋಕೂ ಆಗಲ್ಲ. ಆ ಕೈ ನೋಡಿದ್ರೆ... ಆಗಲ್ಲ."

"ಬಿಡು ಅಂತ ನಾನು ಯಾವತ್ತೂ ಅನ್ನಲ್ಲ."

"ಹೀಗೇ ಹೂಂಗುಟ್ಟಬೇಡ! ಏನಾದರೂ ಹೇಳು!"

ಹಿಕ್ಮತ್ ಧೂಳಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒರೆಸಿದಷ್ಟೂ ಅದು ಬೆಳ್ಳಗೇ ಇತ್ತು.

"ಗೇಟಲ್ಲಿ ಆ ಹುಡುಗಿ ನಿನಗೆ ಮದುವೆಯಾಗಿಲ್ಲ ಅಂದಾಗ," ಎಂದ, "ಖುಷಿಯಾಗಬೇಕಿತ್ತು. ಆಗಲಿಲ್ಲ, ಮವ್ಜುದಾ. ಇಷ್ಟು ವರ್ಷ ಒಬ್ಬಳೇ ಇದ್ದಳಾ ಅಂತ ಕರುಳು ಕಿವುಚಿ ಬಂತು. ಎಲ್ಲೋ ಸುಖವಾಗಿದ್ದಾಳೆ ಅನ್ನೋದೊಂದೇ ಧೈರ್ಯದಲ್ಲಿ ಬದುಕಿದ್ದೆ. ಆವತ್ತೂ ನೀನೇ ಬೇಕಿತ್ತು, ಇವತ್ತೂ ನೀನೇ ಬೇಕು."

ಅವಳು ಒಂದು ಹೆಜ್ಜೆ ಮುಂದೆ ಬಂದಳು. ಆಮೇಲೆ ಆ ಬಿಳಿ ಕೈಯನ್ನು ತನ್ನೆರಡು ಕೈಯಲ್ಲೂ ಹಿಡಿದುಕೊಂಡಳು. ಕಣ್ಣೀರು ಧಾರಾಕಾರ ಹರಿಯಿತು. ಒರೆಸಿಕೊಳ್ಳಲಿಲ್ಲ.

"ಮಗಳ ಹತ್ರ ಯಾವಾಗ ಮಾತಾಡ್ತೀಯ?"

"ಭಾನುವಾರ. ವಿಡಿಯೋ ಕರೆ ಬರುತ್ತೆ."

"ಈ ಭಾನುವಾರ ನನ್ನನ್ನೂ ಕರಿ."

ಅವನು ತಲೆ ಎತ್ತಿದ. "ಇವರು ಯಾರು ಅಂತ ಕೇಳ್ತಾಳೆ. ಎಲ್ಲದಕ್ಕೂ ಪ್ರಶ್ನೆ ಅವಳದು. ಏನಂತ ಹೇಳಲಿ?"

"ಇಷ್ಟು ವರ್ಷ ಎಲ್ಲಿದ್ರು ಅಂತ ಕೇಳಿದ್ರೆ ಮಾತ್ರ ಫೋನ್ ನನಗೆ ಕೊಡು, ನಾನು ಹೇಳ್ತೀನಿ."

"ಯಾರು ಅಂತ ಕೇಳಿದ್ರೆ?"

"ಅದನ್ನ ನೀನು ಹೇಳು," ಎಂದಳು ಮವ್ಜುದಾ. "ನನ್ನ ಎದುರಿಗೇ ಹೇಳು. ನಾನೂ ಕೇಳಿಸ್ಕೋಬೇಕು."