ಜೊಂಡು ಕತ್ತರಿಸಿದವನು

"ಯಾರ್ರೀ ಇದನ್ನ ಕತ್ತರಿಸಿದ್ದು?"

ಅವಳ ಕೂಗಿಗೆ ಕಾರ್ಖಾನೆಯ ಹಿಂಬದಿಯಲ್ಲಿದ್ದವರೆಲ್ಲ ಬೆಚ್ಚಿ ತಿರುಗಿದರು.

ಆಳೆತ್ತರ ಬೆಳೆದಿದ್ದ ಜೊಂಡು... ಈಗ ಬರೀ ಮೋಟು!

"ನಾನೇ." ಕೆಮಿಸ್ಟ್ ಕುಡುಗೋಲು ಹಿಡಿದೇ ಮುಂದೆ ಬಂದ. ಮೊಣಕಾಲುವರೆಗೂ ಕೆಸರು.

ಇವನಾ? ಅಮ್ಮನ ಆಪರೇಷನ್ ಮುಗಿಸಿಕೊಂಡು ಬಂದವಳೇ ಮನಸ್ಸಿನಲ್ಲಿರುವುದನ್ನು ಇವನಿಗೆ ಹೇಳಿಬಿಡಬೇಕು ಎಂದುಕೊಂಡಿದ್ದಳಲ್ಲ!

ಅದು ನಲ್ಲಿಗಳಿಗೆ ಹೊಳಪು ಲೇಪಿಸುವ ಕಾರ್ಖಾನೆ. ಅಪ್ಪ ಕಟ್ಟಿದ್ದು, ಈಗ ಅಣ್ಣನ ಕೈಯಲ್ಲಿತ್ತು. ನಿಕಲ್, ಸತು ಬೆರೆತ ಕೊಳೆನೀರು ಕಾಲುವೆ ಸೇರಬಾರದೆಂದು ಹಟ ಹಿಡಿದು ಈ ಜೌಗು ಮಾಡಿಸಿದವಳು ಅವಳು. ಸುಣ್ಣದ ತೊಟ್ಟಿಯಲ್ಲಿ ಆಮ್ಲದ ಉರಿ ತಗ್ಗಿಸಿಕೊಂಡ ನೀರು ಜಲ್ಲಿ, ಕೆಸರು, ಜೊಂಡಿನ ನಡುವೆ ನಿಧಾನವಾಗಿ ಹರಿಯಬೇಕು. ಆಗ ಲೋಹವೆಲ್ಲ ಕೆಸರಿನಲ್ಲಿ, ಬೇರಿನಲ್ಲಿ ನಿಂತುಬಿಡುತ್ತದೆ. ಒಂದೊಂದು ಸಸಿಯನ್ನೂ ಅವಳೂ ಕೆಮಿಸ್ಟೂ ಒಟ್ಟಿಗೇ ನೆಟ್ಟಿದ್ದರು.

"ಯಾಕೆ ಕತ್ತರಿಸಿದ್ರಿ?"

"ಕತ್ತರಿಸ್ಬೇಕಾಗಿತ್ತು, ಮೇಡಂ."

"ಅದೇ, ಯಾಕೆ?"

ಅವನು ಕುಡುಗೋಲಿನ ಕೆಸರು ಒರೆಸತೊಡಗಿದ.

"ಬಾಯಲ್ಲಿ ಏನಿಟ್ಕೊಂಡಿದ್ದೀರಿ? ಹೋಗಿ! ನನ್ನ ಕಣ್ಣೆದುರು ನಿಲ್ಬೇಡಿ!"

"ಹೋಗ್ತೀನಿ. ಹೇಗಿದ್ರೂ ಇವತ್ತೇ ನನ್ನ ಕೊನೇ ದಿನ."

ಕುಡುಗೋಲನ್ನು ಗೋಡೆಗೊರಗಿಸಿ ಅವನು ಹೊರಟೇಹೋದ.

ಕೊನೇ ದಿನವಾ? ಕಣ್ಣೀರು ಒರೆಸಿಕೊಂಡು ಅವಳು ಬಗ್ಗಿದಳು. ಮೋಟುಗಳ ತುದಿ ಸುಟ್ಟಂತೆ ಕಂದಾಗಿತ್ತು. ಚೀಲದಿಂದ ಲಿಟ್ಮಸ್ ಕಾಗದ ತೆಗೆದು ನೀರಿಗೆ ಅದ್ದಿದಳು.

ಕೆಂಪಾಯಿತು... ಆಮ್ಲ!

ಅವಳು ನೇರ ಅಣ್ಣನ ಕೋಣೆಗೆ ನುಗ್ಗಿದಳು.

"ಸುಣ್ಣದ ತೊಟ್ಟಿ ದಾಟದೆ ಜೌಗಿಗೆ ನೀರು ಹೇಗೆ ಬಂತು?"

"ತೊಟ್ಟಿ ಪಂಪ್ ಕೆಟ್ಟಿತ್ತು ಕಣೇ. ಆರ್ಡರ್ ತಲೆ ಮೇಲೆ ಕೂತಿತ್ತು. ಸ್ವಲ್ಪ ನೇರ ಬಿಟ್ರೆ ಪ್ರಳಯ ಆಗುತ್ತಾ? ಆ ಕೆಮಿಸ್ಟ್ ಬೇರೆ, ಜೌಗಿಂದ ಕಾಲುವೆಗೆ ಹೋಗೋ ಗೇಟ್ ಮುಚ್ಚಿ ಅಡ್ಡ ನಿಂತ. ತೆಗಿ ಅಂದ್ರೂ ತೆಗೀಲಿಲ್ಲ. ಕೆಲಸದಿಂದ ತೆಗೆದೆ. ಕಾರ್ಖಾನೆ ಯಾರದ್ದು ಅಂದ್ಕೊಂಡಿದ್ದಾನೆ?"

"ಕಾರ್ಖಾನೆ ನಮ್ಮಪ್ಪಂದು, ಅಣ್ಣ. ಕಾಲುವೆ ನಮ್ಮಪ್ಪಂದಲ್ಲ! ಅದರ ನೀರಲ್ಲಿ ಜನ ತರಕಾರಿ ಬೆಳೀತಾರೆ!"

ಅಲ್ಲಿಂದ ಲೇಪನದ ಶೆಡ್ಡಿಗೆ ಹೋಗಿ ದೊಡ್ಡ ಸ್ವಿಚ್ ಎಳೆದಳು. ಸದ್ದೆಲ್ಲ ಅಡಗಿತು.

"ಪಂಪ್ ಸರಿ ಆಗೋವರೆಗೂ ಒಂದು ನಲ್ಲೀನೂ ಮುಳುಗಿಸ್ಬೇಡಿ!"

ಹಿಂದೆಯೇ ಓಡಿಬಂದ ಅಣ್ಣನ ಮುಖವನ್ನು ಮೇಸ್ತ್ರಿ ನೋಡಿದ. ಅಣ್ಣ ತಂಗಿಯ ಕಣ್ಣು ನೋಡಿದ. ಕೊನೆಗೆ, "ಪಂಪಿನವನಿಗೆ ಫೋನ್ ಮಾಡು," ಎಂದು ಗೊಣಗಿದ.

ಬಟ್ಟೆ ಬದಲಿಸುವ ಕೋಣೆಯ ಹೊರಗಿನ ಬೆಂಚಿನಲ್ಲಿ ಕೆಮಿಸ್ಟ್ ಬೂಟು ಕಳಚುತ್ತಿದ್ದ.

"ನನಗ್ಯಾಕೆ ಹೇಳಲಿಲ್ಲ?" ಅವಳು ಎದುರು ಬಂದು ನಿಂತಳು.

"ಆಸ್ಪತ್ರೇಲಿದ್ರಿ. ಅಮ್ಮ ಅಲ್ಲಿ ಮಲಗಿದ್ದಾಗ ಅಣ್ಣ ತಂಗಿ ಕಿತ್ತಾಡೋದು ಬೇಡ ಅನ್ನಿಸ್ತು. ಆಮ್ಲಕ್ಕೆ ಒಣಗಿದ ದಂಟು ನೀರಿಗೆ ಬಿದ್ದು ಕೊಳೆತ್ರೆ ಹಿಡಿದಿದ್ದ ಲೋಹ ಮತ್ತೆ ನೀರಿಗೇ ಸೇರುತ್ತೆ. ಅದಕ್ಕೇ ಕತ್ತರಿಸಿದೆ. ಬೇರು ಬದುಕಿದೆ, ಮೇಡಂ. ಒಂದನ್ನ ಕಿತ್ತು ನೋಡಿದ್ದೀನಿ."

"ಇವತ್ತು ಬಂದೆನಲ್ಲ! ಆಗ್ಲಾದ್ರೂ ಹೇಳ್ಬಹುದಿತ್ತಲ್ಲ?"

"ಎಲ್ಲರ ಮುಂದೆ ನಿಮ್ಮಣ್ಣನ ಮೇಲೆ ಚಾಡಿ ಹೇಳ್ಲಾ?"

"ನಾನು ಏನು ತಡ್ಕೊಳ್ತೀನಿ, ಏನು ತಡ್ಕೊಳ್ಳಲ್ಲ ಅಂತ ತೀರ್ಮಾನ ಮಾಡೋಕೆ ನೀನ್ಯಾರು?"

ನೀನು! ಬಾಯಿ ತಪ್ಪಿ ಬಂದ ಆ ಮಾತಿಗೆ ಅವನು ಬೂಟು ಕೆಳಗಿಟ್ಟು ಅವಳನ್ನು ನೋಡಿದ.

"ಯಾರೂ ಅಲ್ಲ," ಅವನು ಮೆಲ್ಲಗೆ ಹೇಳಿದ. "ಆಗ್ಬೇಕು ಅಂತ ಆಸೆ ಇದೆ. ನಿಮ್ಮನ್ನ... ತುಂಬಾ ಇಷ್ಟಪಡ್ತೀನಿ."

"ಇದನ್ನ ಹೇಳೋಕೂ ನಾನು ಬೈಬೇಕಾಯ್ತಾ?"

"ಹೂಂ... ಕೋಪ ಇಳೀತಾ?"

"ಇಲ್ಲ. ಇನ್ನೂ ತುಂಬಾ ಇದೆ."

"ಹಾಗಾದ್ರೆ ಹೊರಡ್ಲಾ?"

ಅವಳು ಅವನ ಕೆಸರು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹೊರಟ್ರೆ ಯಾರ ಮೇಲೆ ಕೋಪ ಮಾಡ್ಕೊಳ್ಳಲಿ? ಇಲ್ಲೇ ಇರು."