ಕತ್ತರಿಸಿದ ನಾಲ್ಕನೇ ಚೌಕ

ತಗಡಿನ ಡಬ್ಬದಲ್ಲಿದ್ದ ನೆಗೆಟಿವ್ ಪಟ್ಟಿಯಲ್ಲಿ ಹಿಂದಿನ ದಿನ ನಾಲ್ಕು ಚೌಕಗಳಿದ್ದವು. ಬೆಳಿಗ್ಗೆ ನೋಡಿದರೆ ಮೂರೇ. ಕೊನೆಯದನ್ನು ಯಾರೋ ಕತ್ತರಿಸಿಕೊಂಡಿದ್ದರು — ಗೆರೆ ಎಳೆದಷ್ಟು ನೇರವಾಗಿ.

ಕೋಲಾರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಸುನಂದ, ಹಳೆಯ ವಿದ್ಯಾರ್ಥಿನಿ ರಜನಿಯ ಫೋನು ಬಂದದ್ದೇ ಅವಳೂರು ಕ್ಯಾಲನೂರಿನ ಬಸ್ಸು ಹತ್ತಿದರು.

ರಜನಿಯ ತಾಯಿ ಮುನಿಲಕ್ಷ್ಮಿ ಬಾವಿಗೆ ಬಿದ್ದು ಸತ್ತಾಗ ರಜನಿ ಹನ್ನೊಂದು ತಿಂಗಳ ಮಗು. ತಾಯಿಯದೆಂದು ಉಳಿದದ್ದು ಅಂಚೆಚೀಟಿಯಷ್ಟು ಚಿಕ್ಕ ಒಂದು ಫೋಟೋ. ಅದನ್ನೇ ಫೋನಿನಲ್ಲಿ ತೆಗೆದು, ಅಗ್ಗದ ಅಂಗಡಿಯಲ್ಲಿ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಳು. ಕಣ್ಣಿದ್ದಲ್ಲಿ ಎರಡು ಕಪ್ಪು ಕುಳಿ. ಕತ್ತಿನ ಮೇಲೆ ಏನೋ ಮಬ್ಬು. ಆ ಮುಖದ ಎದುರು ಅವಳಿಗೆ ಊಟ ಸೇರುತ್ತಿರಲಿಲ್ಲ.

"ಐವತ್ತು ಮೆಗಾಪಿಕ್ಸೆಲ್ ಫೋನು ಮೇಡಂ. ಆದ್ರೂ ಯಾಕೆ ಹೀಗೆ?"

"ಸಣ್ಣ ಕಾಗದದಲ್ಲಿ ಇಲ್ಲದ್ದನ್ನ ಫೋನು ಎಲ್ಲಿಂದ ತರುತ್ತೆ? ನೆಗೆಟಿವ್‌ನಲ್ಲಿ ಇರುತ್ತೆ. ಕಣ್ಣಿನ ರೆಪ್ಪೆ ಕೂಡ."

ಊರಿನ ಹಳೆಯ ಸ್ಟುಡಿಯೋದಿಂದ ತಂದ ಡಬ್ಬದಲ್ಲಿ ಆ ನೆಗೆಟಿವ್ ಸಿಕ್ಕಿತೆಂದು ರಜನಿ ಹೇಳಿದ್ದು ಮನೆಯ ಇಬ್ಬರಿಗೆ ಮಾತ್ರ — ಅಪ್ಪ ಚನ್ನರಾಯಪ್ಪ, ಅಪ್ಪನ ಅಕ್ಕ ಮುನಿಗಂಗಮ್ಮ.

ಸತ್ತವಳನ್ನು ದೊಡ್ಡದು ಮಾಡಬೇಡವೆಂದು ಅತ್ತೆ ಜಗಳವಾಡಿದ್ದು ನಿಜ. ಸುನಂದ ಕೊಟ್ಟ ಪಟ್ಟಿಯ ಮೇಲೆ ಆಕೆ ಹೆಬ್ಬೆರಳು ಒತ್ತಿ, ಬಾಗಿಲ ಬೆಳಕಿಗೆ ಹಿಡಿದರು.

"ಎಲ್ಲಾ ದೆವ್ವಗಳೇ. ಕರೀ ಹಲ್ಲು, ಬಿಳೀ ಕೂದ್ಲು. ಇದ್ರಲ್ಲಿ ನಮ್ಮೋರ್ಯಾರು ತಾಯಿ?"

ಚನ್ನರಾಯಪ್ಪ ತನಗೆ ಈ ರೀಲು ಗೀಲಿನ ವಿಷಯವೇ ತಿಳಿಯದೆಂದರು. ಪಟ್ಟಿಯನ್ನು ಅಂಚಿನಲ್ಲಿ ಎರಡೇ ಬೆರಳಿಂದ ಹಿಡಿದು, ತಿರುಗಿಸಿ ವಾಪಸು ಕೊಟ್ಟರು.

"ಮಿರುಗೋ ಕಡೆ ನಿಮ್ಮ ಕಡೆಗಿರ್ಲಿ. ಇಲ್ಲಾಂದ್ರೆ ಎಡ ಬಲ ಆಗುತ್ತೆ."

ಸುನಂದ ಅವರನ್ನೇ ನೋಡಿದರು.

"ಸ್ಟುಡಿಯೋದಲ್ಲಿ ಎಷ್ಟು ವರ್ಷ ಕೆಲಸ ಮಾಡಿದ್ರಿ?"

"ಮೂರು. ಮದುವೆಗೆ ಮುಂಚೆ."

"ಉಳಿದ ಮೂರು ಚೌಕದಲ್ಲೂ ಹೆಂಗಸರೇ. ಅದೇ ಗೋಡೆ, ಅಂಥದೇ ಸೀರೆ. ಬೆಳಕು ನೆರಳು ಅದಲುಬದಲಾದ ಪಟ್ಟಿಯಲ್ಲಿ ಮುನಿಲಕ್ಷ್ಮಿಯನ್ನ ಗುರುತಿಸೋಕೆ ಪಳಗಿದ ಕಣ್ಣು ಬೇಕು. ಕತ್ತರಿಸಿದ್ದು ನೀವು. ಕತ್ತಿನ ಮೇಲಿನ ಆ ಮಬ್ಬು ದೊಡ್ಡದಾದ್ರೆ ಏನು ಕಾಣುತ್ತೆ ಅಂತ ನಿಮಗೊಬ್ಬರಿಗೇ ಗೊತ್ತಿತ್ತು."

ಚನ್ನರಾಯಪ್ಪ ಅಂಗಿಯ ಜೇಬಿನಿಂದ ಮಡಿಸಿದ ಕಾಗದ ತೆಗೆದರು. ಒಳಗೆ ಆ ಚೌಕ.

"ಯಾಕೆ ಸುಡಲಿಲ್ಲ?"

"ಅವಳದು ಅಂತ ಇನ್ನೇನೂ ಇಲ್ಲ."

ಸುನಂದ ಫೋನಿನ ಬಿಳಿ ಪರದೆಯ ಮೇಲೆ ಚೌಕವನ್ನಿಟ್ಟರು. ಭೂತಗನ್ನಡಿಯ ಮೂಲಕ ರಜನಿಯ ಫೋನಿನಲ್ಲಿ ಚಿತ್ರ ತೆಗೆದು, ಬೆಳಕು ನೆರಳನ್ನು ಅದಲುಬದಲು ಮಾಡಿದರು. ರೆಪ್ಪೆಗಳು ಬಂದವು. ಮೂಗುತಿ ಬಂತು. ರಜನಿ ಮೊದಲ ಸಲ ತಾಯಿಯ ಕಣ್ಣು ಕಂಡಳು. ಆಮೇಲೆ ಕತ್ತು. ಕಪ್ಪುಗಟ್ಟಿದ ನಾಲ್ಕು ಬೆರಳಿನ ಗುರುತು.

"ಈ ಫೋಟೋ ತೆಗೆದು ಎಷ್ಟು ದಿನಕ್ಕೆ ಬಾವಿಗೆ ಬಿದ್ದರು?" ಸುನಂದ ಕೇಳಿದರು.

"ಎರಡು ದಿನ," ಎಂದರು ಮುನಿಗಂಗಮ್ಮ, ತಮ್ಮನ ಕಡೆ ನೋಡದೆ.

"ಗೋಡೆಗೆ ಹಾಕ್ಬೇಡಮ್ಮ," ಎಂದರು ಚನ್ನರಾಯಪ್ಪ.

"ಗೋಡೆಗಲ್ಲಪ್ಪ. ಎರಡು ಪ್ರಿಂಟ್ ಹಾಕಿಸ್ತೀನಿ. ಒಂದು ನನ್ಹತ್ರ ಇರುತ್ತೆ," ಎಂದಳು ರಜನಿ. "ಇನ್ನೊಂದು ಪೊಲೀಸ್ ಸ್ಟೇಷನ್ನಿಗೆ."